‘ಸರಿದೂಗಿಸು’ ಎನ್ನಲು ಇಂಗ್ಲಿಷಿನಲ್ಲಿ ಬ್ಯಾಲೆನ್ಸ್ ಒಂದೇ ಸಾಕೇ?

ನೀವು ಕೇಳಿದ್ದು: ಡೀಸೆಲ್ ಖರ್ಚು ಏರಿತು, ಗೋದಾಮಿನ ಬಾಡಿಗೆ ಇಳಿದು ಅದು ಸರಿಹೋಯಿತು ಎಂದು ಆಫೀಸಿನ ಇಂಗ್ಲಿಷ್ ವರದಿಯಲ್ಲಿ ಬರೆಯಬೇಕು, ಬ್ಯಾಲೆನ್ಸ್, ನ್ಯೂಟ್ರಲೈಸ್, ಕೌಂಟರ್‌ಆಕ್ಟ್, ಆಫ್‌ಸೆಟ್ ಇವುಗಳಲ್ಲಿ ಯಾವುದು?

ಆಫ್‌ಸೆಟ್. ಲೆಕ್ಕದ ಮಾತಿಗೆ ನಾನಾದರೆ ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ಆದರೆ ಉಳಿದವು ಯಾಕೆ ಬೇಡ ಅನ್ನುವುದು ಗೊತ್ತಾದರೆ ಮುಂದಿನ ಸಲ ನೀವೇ ಆರಿಸಿಕೊಳ್ಳಬಹುದು. ಕೇಳಿಕೊಳ್ಳಬೇಕಾದ್ದು ಇಷ್ಟೇ: ಎದುರಿನ ಶಕ್ತಿ ಹಾಗೇ ಇದೆಯೋ, ಇಲ್ಲವಾಯಿತೋ?

ಸಾರಿಗೆ ಹುಣಸೆ ಹೆಚ್ಚಾಯಿತು ಅಂದುಕೊಳ್ಳಿ. ಬೆಲ್ಲ ಹಾಕಿದರೆ ಹುಳಿ ಎಲ್ಲೂ ಹೋಗುವುದಿಲ್ಲ, ಪಾತ್ರೆಯಲ್ಲೇ ಇರುತ್ತದೆ. ಸಿಹಿ ಎದುರು ನಿಂತದ್ದರಿಂದ ನಾಲಿಗೆಗೆ ಹದವಾಗುತ್ತದೆ. ಇದು ಬ್ಯಾಲೆನ್ಸ್, ಒತ್ತಿ ಹೇಳಬೇಕಾದರೆ ಕೌಂಟರ್‌ಬ್ಯಾಲೆನ್ಸ್. ಅದೇ ಸಾರಿಗೆ ಚಿಟಿಕೆ ಅಡುಗೆ ಸೋಡ ಹಾಕಿದರೆ ನೊರೆ ಉಕ್ಕುತ್ತದೆ, ಆಮ್ಲದಲ್ಲಿ ಅಷ್ಟು ಭಾಗ ನಿಜವಾಗಿಯೂ ಇಲ್ಲವಾಗುತ್ತದೆ. ಇದು ನ್ಯೂಟ್ರಲೈಸ್. (ಸಾರು ಮಾತ್ರ ಬಾಯಿಗಿಡಲು ಆಗುವುದಿಲ್ಲ.) ನಿಮ್ಮ ಡೀಸೆಲ್ ಬಿಲ್ಲು ಬಾಡಿಗೆ ಇಳಿದ ಮಾತ್ರಕ್ಕೆ ಮಾಯವಾಗಲಿಲ್ಲವಲ್ಲ, ಹಾಗಾಗಿ ಅಲ್ಲಿ ನ್ಯೂಟ್ರಲೈಸ್ ಸರಿಹೊಂದದು. ಇನ್ನೊಂದು ಕಾರಣವೂ ಇದೆ: ಪೊಲೀಸ್ ಮತ್ತು ಸೇನೆಯ ಸುದ್ದಿಯಲ್ಲಿ ಒಬ್ಬನನ್ನು ನ್ಯೂಟ್ರಲೈಸ್ ಮಾಡಿದರು ಅಂದರೆ ಸಾಮಾನ್ಯವಾಗಿ ಕೊಂದರು ಎಂದೇ ಅರ್ಥ.

ಕೌಂಟರ್‌ಬ್ಯಾಲೆನ್ಸ್ ಭಾರಕ್ಕೆ ಭಾರ ನಿಲ್ಲಿಸುವ ಮಾತು. ಬಾವಿಯ ಏತದ ಹಿಂದುಗಡೆ ಕಟ್ಟಿದ ಕಲ್ಲಿನ ಕೆಲಸವೇ ಅದು. ಲಿಫ್ಟಿನಲ್ಲೂ ಹೀಗೇ; ಅಲ್ಲಿನ ತೂಕಕ್ಕೆ ಕೌಂಟರ್‌ವೇಟ್ ಅನ್ನುತ್ತಾರೆ. 8 ಜನರ ಲಿಫ್ಟ್ ಅಂದರೆ ತಲೆಗೆ 68 ಕಿಲೋ ಹಿಡಿದು 544 ಕಿಲೋ. ಕ್ಯಾಬಿನ್ ತೂಕ 800 ಇದ್ದರೆ ಅದಕ್ಕೆ ಈ 544ರ ಸುಮಾರು ಅರ್ಧ ಸೇರಿಸಿ 1072 ಕಿಲೋ ತೂಗುಬಿಡುತ್ತಾರೆ. ಒಳಗೆ ನಾಲ್ವರಿದ್ದಾಗ ಎರಡೂ ಕಡೆ ಸಮ, ಉಳಿದ ಹೊತ್ತಿನಲ್ಲಿ ಮೋಟಾರಿಗೆ ಎರಡರ ನಡುವಿನ ವ್ಯತ್ಯಾಸದಷ್ಟೇ ಹೊರೆ.

ಕೌಂಟರ್‌ಆಕ್ಟ್‌ಗೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಮುರಿ. ಪಿತ್ತ ಮುರಿಯುವುದು, ನಂಜು ಮುರಿಯುವುದು. ಒಂದರ ಪರಿಣಾಮ ನಡೆಯದಂತೆ ಇನ್ನೊಂದು ಎದುರು ಕೆಲಸ ಮಾಡುವುದು. ಆರ್ಗನೋಫಾಸ್ಫೇಟ್ ಕೀಟನಾಶಕ ದೇಹ ಸೇರಿದವರಿಗೆ ಅಟ್ರೋಪಿನ್ ಕೊಡುತ್ತಾರೆ. ಅದು ವಿಷವನ್ನು ಒಡೆಯುವುದಿಲ್ಲ, ವಿಷದಿಂದ ಆಗುವ ಜೊಲ್ಲು, ಎದೆಯ ಕಫ, ನಾಡಿ ಇಳಿತವನ್ನು ತಡೆಯುತ್ತದೆ. ಆದ್ದರಿಂದ ಕೌಂಟರ್‌ಆಕ್ಟ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ಗೆ ಪ್ರೋಟಮೀನ್ ಮಾತ್ರ ನೇರವಾಗಿ ಅಂಟಿಕೊಂಡು ಅದನ್ನೇ ನಿಷ್ಕ್ರಿಯ ಮಾಡುತ್ತದೆ, ಸುಮಾರು 100 ಯೂನಿಟ್‌ಗೆ 1 ಮಿಲಿಗ್ರಾಂ ಲೆಕ್ಕ. ಅಲ್ಲಿ ನ್ಯೂಟ್ರಲೈಸ್ ಅನ್ನುತ್ತಾರೆ. ಉಚ್ಚಾರದಲ್ಲಿ ಕೌಂಟರ್‌ಆಕ್ಟ್‌ನ ಒತ್ತು ಕೊನೆಯ ‘ಆಕ್ಟ್’ ಮೇಲೆ.

ಈಗ ನಿಮ್ಮ ವಾಕ್ಯ. ಆಫ್‌ಸೆಟ್‌ನ ಭೂತಕಾಲವೂ ಆಫ್‌ಸೆಟ್ಟೇ, ಆಫ್‌ಸೆಟೆಡ್ ಅಂತ ಇಲ್ಲ. ಹೆಚ್ಚು ಜನ ಎಡವುವುದು ‘ಬೈ’ ಜಾಗದಲ್ಲಿ. ‘ವಾಸ್ ಆಫ್‌ಸೆಟ್ ಬೈ’ ಆದ ಮೇಲೆ ಬರುವುದೇ ಸರಿದೂಗಿಸಿದ್ದು. ಡೀಸೆಲ್ ಮೊದಲು, ಬಾಡಿಗೆ ಆಮೇಲೆ. ತಿರುವುಮುರುವು ಆದರೆ ಬಾಡಿಗೆಯಲ್ಲಿ ಉಳಿದದ್ದನ್ನು ಡೀಸೆಲ್ ನುಂಗಿತು ಎಂದಾಗುತ್ತದೆ, ಓದಿದ ಮೇಲಧಿಕಾರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಎಷ್ಟು ಸರಿಹೋಯಿತು ಅನ್ನುವುದನ್ನೂ ಬಿಡಬೇಡಿ. ಖರ್ಚು 4 ಲಕ್ಷ ಏರಿ ಬಾಡಿಗೆಯಲ್ಲಿ 2.5 ಲಕ್ಷ ಉಳಿದಿದ್ದರೆ ಪಾರ್ಟ್ಲಿ ಆಫ್‌ಸೆಟ್, 4 ಉಳಿದಿದ್ದರೆ ಫುಲ್ಲಿ, 5 ಉಳಿದಿದ್ದರೆ ಮೋರ್ ದ್ಯಾನ್ ಆಫ್‌ಸೆಟ್. ಈ ಒಂದು ಪದ ಇಲ್ಲದಿದ್ದರೆ ಪೂರ್ತಿ ಸರಿಹೋಯಿತು ಎಂದೇ ಓದಿಕೊಳ್ಳುತ್ತಾರೆ. ಕ್ಯಾನ್ಸಲ್ ಔಟ್ ಕೂಡ ಎರಡೂ ಕಡೆ ಸರಿಸಮ ಇದ್ದಾಗ ಮಾತ್ರ, ನಾವು ಒಂದಕ್ಕೊಂದು ವಜಾ ಅನ್ನುವ ಹಾಗೆ. ಒಂದು ಕಡೆಯದೇ ಹೆಚ್ಚು ತೂಗಿದರೆ ಔಟ್‌ವೇ.

ತೆರಿಗೆಯಲ್ಲಿ ನಷ್ಟವನ್ನು ಲಾಭಕ್ಕೆ ಹೊಂದಿಸುವುದು ಸೆಟ್ ಆಫ್, ಜೊತೆಗೆ ಅಗೇನ್‌ಸ್ಟ್ ಬೇಕೇಬೇಕು. ಅಗೇನ್‌ಸ್ಟ್ ಬಿಟ್ಟರೆ ಪಟಾಕಿ ಹಚ್ಚಿದ ಅರ್ಥವೂ, ಪ್ರಯಾಣ ಹೊರಟ ಅರ್ಥವೂ ಬರಬಹುದು. ಕೌಂಟರ್‌ವೇಲಿಂಗ್ ಅನ್ನು ಕಸ್ಟಮ್ಸ್‌ನವರಿಗೆ ಬಿಡಿ: ಬೇರೆ ದೇಶ ತನ್ನ ಸರಕಿಗೆ ಸಬ್ಸಿಡಿ ಕೊಟ್ಟರೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಇಲ್ಲಿ ಹೇರುವ ಸುಂಕ ಅದು. ಸಾಮಾನ್ಯ ಪತ್ರದಲ್ಲಿ ಹಾಕಿದರೆ ಮದುವೆ ಊಟಕ್ಕೆ ಕರಿಕೋಟು ತೊಟ್ಟ ವಕೀಲರಂತೆ ಕಾಣುತ್ತದೆ.

‘ಮಿಟಿಗೇಟ್ ಅಗೇನ್‌ಸ್ಟ್’ ಎಂದು ಆಫೀಸುಗಳಲ್ಲಿ ಧಾರಾಳವಾಗಿ ಬರೆಯುತ್ತಾರೆ, ಅದು ತಪ್ಪು. ಮಿಟಿಗೇಟ್ ಅಂದರೆ ತೀವ್ರತೆ ತಗ್ಗಿಸುವುದು, ಅದಕ್ಕೆ ಅಗೇನ್‌ಸ್ಟ್ ಬೇಡ. ಮಿಟಿಗೇಟ್ ದ ರಿಸ್ಕ್ ಅಂದರೆ ಮುಗಿಯಿತು. ಅಗೇನ್‌ಸ್ಟ್ ಬರುವುದು ಅದನ್ನೇ ಹೋಲುವ ಮಿಲಿಟೇಟ್ ಜೊತೆ, ಅದರ ಅರ್ಥ ಅಡ್ಡಿಯಾಗಿ ನಿಲ್ಲುವುದು.