‘ಲಿಪ್’ಗೂ ನಮ್ಮ ‘ಲೇಪ’ಕ್ಕೂ ನಂಟಿದೆಯೇ?

ಪ್ರಶ್ನೆ: ಸಂಸ್ಕೃತದಲ್ಲಿ ‘ಲಿಪ್’ ಎಂಬ ಧಾತುವಿಗೆ ಬಳಿ, ಸವರು ಎಂಬ ಅರ್ಥವಿದೆ, ಲೇಪ, ಲೇಪನಗಳು ಅದರಿಂದಲೇ ಬಂದಿವೆ. ತುಟಿಗೆ ಬಣ್ಣ ಬಳಿಯುವ ರೂಢಿಯಿಂದಾಗಿ ಇಂಗ್ಲಿಷಿನಲ್ಲಿ ತುಟಿಗೆ ‘ಲಿಪ್’ ಎಂಬ ಹೆಸರು ಬಂದಿತೆಂದು ಮಿತ್ರರೊಬ್ಬರು ವಾದಿಸುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸರಿಯಲ್ಲ. ಉಚ್ಚಾರ ಒಂದೇ ಆಗಿರುವುದರಿಂದ ಇಂಥ ಊಹೆ ಸಹಜವೇ. ಆದರೆ ‘ಲಿಪ್‌ಸ್ಟಿಕ್’ ಎಂಬ ಪದ ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ತುಟಿ ಎಂಬರ್ಥದ ‘ಲಿಪ್ಪ’ ಎಂಬ ರೂಪವಾದರೋ ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿಯೇ ಇತ್ತು. ಜರ್ಮನ್ನಿನ ‘ಲಿಪ್ಪೆ’, ಲ್ಯಾಟಿನ್ನಿನ ‘ಲಾಬಿಯುಮ್’, ಉರ್ದು ಗಜಲುಗಳಲ್ಲಿ ನಾವು ಕೇಳುವ ಪಾರಸಿಯ ‘ಲಬ್’ ಇವೆಲ್ಲ ಇದರ ದಾಯಾದಿಗಳು. (ನಾವು ಬಾಯಿ ಬಡಿದುಕೊಳ್ಳುವ ‘ಲಬೊಲಬೊ’ ಈ ಕುಲಕ್ಕೆ ಸೇರಿದ್ದಲ್ಲ, ಅಂಗೈಯಿಂದ ಬಾಯಿಗೆ ತಟ್ಟಿದಾಗ ಹೊರಡುವ ಸದ್ದಿನ ಅನುಕರಣೆ ಅದು.)

ಲ್ಯಾಟಿನ್ನಿನ ಬಕಾರ ಇಂಗ್ಲಿಷಿನಲ್ಲಿ ಪಕಾರವಾದದ್ದು ಆಕಸ್ಮಿಕವಲ್ಲ. ಸಂಸ್ಕೃತದ ‘ದ್ವಿ’, ‘ದಶ’ಗಳಲ್ಲಿ ದಕಾರವಿರುವೆಡೆ ಇಂಗ್ಲಿಷಿನ ‘ಟೂ’, ‘ಟೆನ್’ಗಳಲ್ಲಿ ಟಕಾರವಿರುವಂತೆಯೇ ಇದೂ ನಿಯಮಬದ್ಧವಾದ ಮಾರ್ಪಾಡು. ನಿಮ್ಮ ಮಿತ್ರರ ವಾದ ಮುರಿದುಬೀಳುವುದು ಇಲ್ಲಿಯೇ. ‘ಪಿತೃ’ವಿಗೆ ‘ಫಾದರ್’, ‘ಪಾದ’ಕ್ಕೆ ‘ಫುಟ್’ ಎಂಬಂತೆ ಸಂಸ್ಕೃತದ ಪಕಾರಕ್ಕೆ ಇಂಗ್ಲಿಷಿನಲ್ಲಿ ಪಕಾರ ಉಳಿಯುವುದು ಅಪರೂಪ. ಆದುದರಿಂದ ಎರಡೂ ಕಡೆ ‘ಲಿಪ್’ ಎಂದೇ ಇರುವುದು ನಂಟಿಗೆ ಸಾಕ್ಷಿಯಾಗುವ ಬದಲು ಸಂಶಯಕ್ಕೆ ಕಾರಣವಾಗಬೇಕು. ನಮ್ಮ ‘ಲಿಪ್’ ಧಾತುವಿನ ನಿಜವಾದ ಬಂಧು ಇಂಗ್ಲಿಷಿನ ‘ಲೈಫ್’ ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ: ಅಂಟಿಕೊಂಡಿರುವುದು ಎಂಬ ಅರ್ಥ, ಉಳಿದಿರುವುದು, ಬದುಕಿರುವುದು ಎಂದು ಬೆಳೆದಿದೆ. ನನಗಂತೂ ಇದು ಲಿಪ್‌ಸ್ಟಿಕ್ಕಿನ ಕಥೆಗಿಂತ ಎಷ್ಟೋ ಸೊಗಸಾಗಿ ಕಾಣುತ್ತದೆ.

ಅರ್ಥದ ವಿಸ್ತಾರವನ್ನೂ ನೋಡಬಹುದು. ಹಾಲಿನ ಜಗ್ಗಿನಲ್ಲಿ ಧಾರೆ ಹೊರಳಿ ಇಳಿಯುವ ಚಾಚಿದ ಅಂಚು ಇಂಗ್ಲಿಷಿನವರಿಗೆ ಲಿಪ್. ನಾವಾದರೋ ಪಾತ್ರೆಗೆ ಬಾಯಿ, ಕಂಠ ಎಂದು ಹೇಳಿದರೂ ತುಟಿಯನ್ನು ಕೊಟ್ಟಿಲ್ಲ. ಅಧಿಕಪ್ರಸಂಗದ ಎದುರುತ್ತರಕ್ಕೂ ಅವರಲ್ಲಿ ಲಿಪ್ ಎಂದೇ ಹೆಸರು. ನಮ್ಮಲ್ಲಿ ಅಂಥವರಿಗೆ ಉದ್ದವಾಗುವುದು ನಾಲಗೆ. ‘ಲಿಪ್ ಸರ್ವಿಸ್’ಗೆ ಬಾಯುಪಚಾರ ಎಂಬ ಒಳ್ಳೆಯ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ.

ಅನುವಾದಕರು ಎಡವುವುದು ‘ಸ್ಟಿಫ್ ಅಪ್ಪರ್ ಲಿಪ್’ ಎಂಬ ನುಡಿಗಟ್ಟಿನಲ್ಲಿ. ಬ್ರಿಟಿಷರ ಸ್ವಭಾವದ ಗುರುತೆಂದೇ ಹೆಸರಾಗಿರುವ ಇದು ಮೊದಲು ಅಚ್ಚಾಗಿ ಕಾಣಿಸಿದ್ದು ಅಮೆರಿಕದಲ್ಲಿ, 1815ರಲ್ಲಿ. ಅಳು ಉಕ್ಕಿದಾಗ ತುಟಿ ಅದುರುತ್ತದೆ, ಅದುರದಂತೆ ಬಿಗಿಹಿಡಿದವನು ದುಃಖವನ್ನು ತೋರಗೊಡಲಿಲ್ಲ ಎಂಬುದು ಅದರ ಭಾವ. ಇದನ್ನು ‘ಗಟ್ಟಿ ಮೇಲ್ದುಟಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕನ್ನಡದಲ್ಲಿ ‘ಅವುಡುಗಚ್ಚು’ ಎಂಬ ಹಳೆಯ ಮಾತಿದೆ. ಅವುಡು ಎಂದರೆ ಕೆಳದುಟಿ. ಅದನ್ನು ಹಲ್ಲಿನಡಿ ಕಚ್ಚಿ ನೋವನ್ನೋ ಸಿಟ್ಟನ್ನೋ ತಡೆದುಕೊಳ್ಳುವುದು ಅವುಡುಗಚ್ಚುವುದು. ಅಳುವ ಮಗುವನ್ನು ಗಮನಿಸಿ: ಮೊದಲು ಮುಂದಕ್ಕೆ ಚಾಚಿ ನಡುಗುವುದು ಕೆಳದುಟಿಯೇ.