ರೀಟಾ ಲೀ ಬರೀ ಕುಣಿತದ ಹಾಡುಗಾರ್ತಿಯೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಬ್ರೆಜಿಲ್‌ನ ರೀಟಾ ಲೀ ಅವರಿಗೆ ಎರಡು ಪುಟ ಕೊಟ್ಟಿದ್ದೀರಿ. ಅವರದು ಪ್ರಣಯದ, ಕುಣಿತದ ಹಗುರ ಹಾಡುಗಳು. ಎಲಿಸ್ ರೆಜೀನಾ ಅವರಂಥ ಗಂಭೀರ ಗಾಯಕಿ ಇದ್ದ ನಾಡಿನಲ್ಲಿ ಇವರಿಗೇಕೆ ಮಣೆ ಹಾಕುತ್ತೀರಿ?’

ಮಾನ್ಯರೇ, ಎಲಿಸ್ ಅವರ ಹೆಸರೆತ್ತಿದ್ದು ಒಳ್ಳೆಯದಾಯಿತು. ಉತ್ತರವನ್ನು ಅವರಿಂದಲೇ ಶುರು ಮಾಡುತ್ತೇನೆ.

1967ರ ಜುಲೈನಲ್ಲಿ ಸಾವೊ ಪಾಲೊ ನಗರದಲ್ಲಿ ಎಲೆಕ್ಟ್ರಿಕ್ ಗಿಟಾರಿನ ವಿರುದ್ಧ ಮೆರವಣಿಗೆ ಹೊರಟಿತು. ಹೊರಗಿನ ವಾದ್ಯ ನಮ್ಮ ಸಂಗೀತವನ್ನು ನುಂಗಿಬಿಡುತ್ತದೆ ಎಂಬ ಆತಂಕ. ಎಲಿಸ್ ಅದರ ಮುಂಚೂಣಿಯಲ್ಲಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ, ಅದೇ ಊರಿನ ಟಿವಿ ಸಂಗೀತೋತ್ಸವದಲ್ಲಿ, ಗಾಯಕ ಗಿಲ್ಬರ್ಟೊ ಗಿಲ್ ಜೊತೆಗೆ ಎಲೆಕ್ಟ್ರಿಕ್ ಗಿಟಾರಿನೊಂದಿಗೆ ವೇದಿಕೆ ಏರಿದ ತಂಡ ‘ಓಸ್ ಮುಟಾಂಟೆಸ್’. ಅದರಲ್ಲಿದ್ದ 19 ವರ್ಷದ ಹುಡುಗಿಯೇ ರೀಟಾ.

1972ರಲ್ಲಿ ಆ ತಂಡ ಅವರ ಕೈತಪ್ಪಿತು. ತನ್ನನ್ನು ಹೊರದಬ್ಬಿದರು ಎಂದೇ ಅವರು ಕೊನೆಯವರೆಗೂ ಹೇಳಿದರು. 1975ರ ‘ಫ್ರೂಟೊ ಪ್ರೊಯಿಬಿಡೊ’ ಆಲ್ಬಂನಲ್ಲಿ ‘ಒವೆಲ್ಯಾ ನೆಗ್ರಾ’ ಬಂತು. ಕಪ್ಪು ಕುರಿ, ಅಂದರೆ ಮನೆಯವರೊಂದಿಗೆ ಹೊಂದದವರು ಎಂದರ್ಥ. ನೀನು ಈ ಮನೆಯ ಕಪ್ಪು ಕುರಿ, ಇನ್ನು ಹೊರಡು ಎಂದು ಅಪ್ಪನಿಂದ ಹೇಳಿಸಿಕೊಂಡ ಮಗಳ ಹಾಡು. ಅದರಲ್ಲಿ ದೂರಿಲ್ಲ, ಗೋಳಿಲ್ಲ. ಕೊನೆಗೆ ಬರುವ ಗಿಟಾರನ್ನು ದಯವಿಟ್ಟು ಪೂರ್ತಿ ಕೇಳಿ.

ಮರುವರ್ಷ ಆಗಸ್ಟಿನಲ್ಲಿ ಮಿಲಿಟರಿ ಆಡಳಿತದ ಪೊಲೀಸರು ಗಾಂಜಾ ಆರೋಪದ ಮೇಲೆ ರೀಟಾರನ್ನು ಬಂಧಿಸಿದರು. ಆಗ ಅವರು ಚೊಚ್ಚಲ ಬಸುರಿ. ಜೈಲಿನಲ್ಲಿ ರಕ್ತಸ್ರಾವ. ಆ ಹೊತ್ತಿನಲ್ಲಿ ಪುಟ್ಟ ಮಗನ ಕೈ ಹಿಡಿದು ಜೈಲಿನ ಬಾಗಿಲಿಗೆ ಬಂದವರು ಯಾರು ಗೊತ್ತೇ? ಎಲಿಸ್. ಇಬ್ಬರೂ ಆಗ ಗೆಳತಿಯರೇನಲ್ಲ. ವೈದ್ಯರನ್ನು ಕರೆಸದೆ ಕದಲುವುದಿಲ್ಲ ಎಂದು ಎಲಿಸ್ ಪಟ್ಟು ಹಿಡಿದದ್ದನ್ನು ರೀಟಾ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ. 1977ರಲ್ಲಿ ಹುಟ್ಟಿದ ಮಗಳಿಗೆ ಎಲಿಸ್ ಇಟ್ಟ ಹೆಸರು ಮರಿಯಾ ರೀಟಾ. ಆಕೆಯೂ ಇಂದು ಹೆಸರಾಂತ ಗಾಯಕಿ.

ಇನ್ನು ಪ್ರಣಯದ ಮಾತು. ‘ಮಾನಿಯಾ ಡಿ ವೊಸೆ’ 1979ರದು, ಬಾಳಸಂಗಾತಿ ರೊಬೆರ್ಟೊ ಡಿ ಕಾರ್ವಾಲ್ಯೊ ಜೊತೆಗೂಡಿ ಕಟ್ಟಿದ್ದು. ಹೆಣ್ಣೊಬ್ಬಳು ತನ್ನ ಬಯಕೆಯನ್ನು ನಾಚದೆ, ಯಾರ ಅಪ್ಪಣೆಗೂ ಕಾಯದೆ ಹೇಳುತ್ತಾಳೆ. ಅದೂ ಸೆನ್ಸಾರ್ ಅಧಿಕಾರಿಗಳು ಅವರ ಹಾಡುಗಳಿಗೆ ಕತ್ತರಿ ಹಾಕುತ್ತಿದ್ದ ಕಾಲದಲ್ಲಿ. ಇದನ್ನು ಹಗುರ ಎನ್ನಲು ನನಗೆ ಮನಸ್ಸು ಬಾರದು.

2023ರ ಮೇ 8ರಂದು, 75ನೇ ವಯಸ್ಸಿನಲ್ಲಿ ರೀಟಾ ತೀರಿಕೊಂಡರು. ಸಾವೊ ಪಾಲೊದ ಇಬಿರಾಪುವೇರಾ ಉದ್ಯಾನದ ತಾರಾಲಯದಲ್ಲಿ ಜನ ಅವರ ಅಂತಿಮ ದರ್ಶನ ಪಡೆದರು.

ಎಲಿಸ್ ಕುರಿತೂ ಖಂಡಿತ ಬರೆಯುತ್ತೇವೆ. ಅಲ್ಲಿಯವರೆಗೆ ಅವರು 1980ರಲ್ಲಿ ಹಾಡಿದ ‘ಅಲೋ, ಅಲೋ, ಮಾರ್ಸಿಯಾನೊ’ ಕೇಳಿರಿ. ಬರೆದವರು ರೀಟಾ ಮತ್ತು ರೊಬೆರ್ಟೊ.

– ಸಂಪಾದಕ