ಕೀ ತೆಗೆದ ಕೂಡಲೇ ಸ್ಟೀರಿಯೊ ಎಲ್ಲಾ ಮರೆಯುವುದು ಯಾಕೆ?

ಕಾರಿಗೆ ಹೊಸ ಸ್ಟೀರಿಯೊ ಹಾಕಿದ ಮೇಲೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲಾ ಅಳಿಸಿಹೋಗುತ್ತಿದೆ ಅಂದಿರಿ. ಹಳದಿ, ಕೆಂಪು ವೈರ್ ಅದಲುಬದಲಾಗಿರಬಹುದು. ಸ್ಟೀರಿಯೊದ ಹಳದಿ ವೈರ್‌ಗೆ ಸಾಮಾನ್ಯವಾಗಿ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತಿರಬೇಕು. ನೆನಪು ಉಳಿಯುವುದು ಅದರಿಂದಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬಂದರೆ ಸಾಕು.

ಕಾರಿನ ಕಡೆಯ ವೈರ್ ಬಣ್ಣ ನೋಡಿ ಸುಮ್ನೆ ಜೋಡಿಸಬೇಡಿ, ಅದು ಕಂಪನಿಗೊಂದು ಥರ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಕೀ ತೆಗೆದ ಮೇಲೂ 12 ವೋಲ್ಟ್ ತೋರಿಸುವ ವೈರ್ ಹಳದಿಗೆ. ಹಳದಿ, ಕೆಂಪು ಎರಡನ್ನೂ ಅದಕ್ಕೇ ಸೇರಿಸಿದರೂ ಹಾಡು ಬರುತ್ತದೆ ನಿಜ, ಆದರೆ ಸ್ಟೀರಿಯೊ ಆಫ್ ಮಾಡಲು ಮರೆತ ದಿನ ಬ್ಯಾಟರಿ ಖಾಲಿ! ಸ್ಟೀರಿಯೊದ ಕಪ್ಪು ವೈರ್ (ಅರ್ತ್) ಕಾರಿನ ಬಾಡಿಯ ಪೇಂಟ್ ಕೆರೆದ ಲೋಹಕ್ಕೆ ಬಿಗಿಯಾಗಿರಲಿ. ಅಳತೆ ಮುಗಿಸಿ ವೈರ್ ಜೋಡಿಸುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ.